ಅಮೆರಿಕದ ಕೌಂಟಿಗಳಲ್ಲಿ ವಯಸ್ಕರ ಓದು 1970ರಿಂದ ಎಷ್ಟು ಬದಲಾಯಿತು: ಲೆಕ್ಕ ತಪ್ಪದಂತೆ ಹೋಲಿಸುವ ಕ್ರಮ

ಅಮೆರಿಕದ ಕೌಂಟಿಗಳಲ್ಲಿ, ಅಂದರೆ ನಮ್ಮ ಜಿಲ್ಲೆಯಂಥ ಘಟಕಗಳಲ್ಲಿ, ವಯಸ್ಕರು ಎಷ್ಟರ ಮಟ್ಟಿಗೆ ಓದಿದ್ದಾರೆ ಎಂಬುದನ್ನು ಅಂದಿಗೂ ಇಂದಿಗೂ ಹೋಲಿಸುವಾಗ ಎಡವುವವರೆಲ್ಲ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಎಡವುತ್ತಾರೆ. 1970ರ ಅಂಕಿ ಒಂದು ಕಾಲಂನಲ್ಲಿ, ಇತ್ತೀಚಿನದು ಇನ್ನೊಂದರಲ್ಲಿ. ಒಂದರಿಂದ ಇನ್ನೊಂದನ್ನು ಕಳೆದು ನಕ್ಷೆಗೆ ಬಣ್ಣ ತುಂಬುತ್ತಾರೆ. ಆಮೇಲೆ ನೋಡಿದರೆ ಕ್ಯಾಲಿಫೋರ್ನಿಯಾ ಪೂರ್ತಿ ಬಿಳಿ, ಕನೆಕ್ಟಿಕಟ್ ಮಾಯ, ನೂರು ಜನವೂ ಇಲ್ಲದ ಕೌಂಟಿಯೊಂದು ಪಟ್ಟಿಯ ತುದಿಯಲ್ಲಿ ಕೂತಿರುತ್ತದೆ. ಸೂತ್ರ ತಪ್ಪಾಯಿತೇನೋ ಎಂದು ಹುಡುಕುತ್ತಾರೆ. ಸೂತ್ರ ಸರಿಯಾಗಿಯೇ ಇರುತ್ತದೆ.

ಕಳೆಯುವುದು ಒಂದು ನಿಮಿಷದ ಕೆಲಸ. ಅದಕ್ಕೆ ಮುಂಚೆ ಕೋಡ್, ಗಡಿ, ವ್ಯಾಖ್ಯೆ, ಕಾಲ ಈ ನಾಲ್ಕನ್ನು ಇದೇ ಸರದಿಯಲ್ಲಿ ಹೊಂದಿಸಬೇಕು. ಸರದಿ ತಪ್ಪಿದರೆ ಮೊದಲಿನಿಂದ ಮತ್ತೆ ಮಾಡಬೇಕಾಗುತ್ತದೆ.

## ಕೈಯಲ್ಲಿ ಏನೇನಿರಬೇಕು

ಮುಖ್ಯ ಫೈಲ್ ಸಿಗುವುದು ಅಮೆರಿಕದ ಕೃಷಿ ಇಲಾಖೆಯಲ್ಲಿ. ಅದರ ಆರ್ಥಿಕ ಸಂಶೋಧನಾ ವಿಭಾಗವನ್ನು ಇಆರ್‌ಎಸ್ ಎನ್ನುತ್ತಾರೆ. 25 ವರ್ಷ ದಾಟಿದವರ ಓದಿನ ಮಟ್ಟವನ್ನು 1970, 1980, 1990, 2000ರ ಜನಗಣತಿಗಳಿಂದಲೂ ಆನಂತರದ ವರ್ಷಗಳಿಗೆ ಜನಗಣತಿ ಬ್ಯೂರೋ ನಡೆಸುವ ಅಮೆರಿಕನ್ ಕಮ್ಯುನಿಟಿ ಸರ್ವೆ ಎಂಬ ಮಾದರಿ ಸಮೀಕ್ಷೆಯಿಂದಲೂ ತೆಗೆದು, ಕೌಂಟಿವಾರು ಒಂದೇ ಕಡೆ ಕೊಟ್ಟಿದ್ದಾರೆ. ಪ್ರತಿ ಕಾಲಕ್ಕೂ ನಾಲ್ಕು ಗುಂಪು: ಹೈಸ್ಕೂಲ್ ಮುಗಿಸದವರು, ಹೈಸ್ಕೂಲ್ ಮಾತ್ರ ಮುಗಿಸಿದವರು, ಕಾಲೇಜು ಸ್ವಲ್ಪ ಓದಿದವರು, ಪದವಿ ಮತ್ತು ಮೇಲ್ಪಟ್ಟವರು. ತಲೆಯೆಣಿಕೆಯೂ ಇದೆ, ಶೇಕಡಾವೂ ಇದೆ.

ಎರಡನೆಯದು ಜನಗಣತಿ ಬ್ಯೂರೋದ ಅದೇ ಸರ್ವೆಯ ಕೋಷ್ಟಕಗಳು. ಬಿ15003 ಅತಿ ವಿವರವಾದದ್ದು, ಎಸ್1501 ಶೇಕಡಾ ಸಮೇತ ಸಿದ್ಧವಾಗಿರುವುದು, ಬಿ15001 ವಯಸ್ಸಿನ ಗುಂಪುಗಳದ್ದು, ಬಿ06009 ಹುಟ್ಟಿದ ಊರಿನ ಲೆಕ್ಕದ್ದು. ಹಳೆಯ ಗಣತಿಗಳ ಹೆಚ್ಚಿನ ವಿವರ ಬೇಕಾದರೆ ಗಣತಿ ಅಂಕಿಗಳ ಜಾಲಸಂಗ್ರಹವಾದ ಎನ್‌ಎಚ್‌ಜಿಐಎಸ್‌ನಲ್ಲಿ ಉಚಿತವಾಗಿ ನೋಂದಾಯಿಸಿಕೊಂಡು ಇಳಿಸಿಕೊಳ್ಳಬಹುದು. ತಂತ್ರಾಂಶ ಯಾವುದಾದರೂ ನಡೆಯುತ್ತದೆ: ಎಕ್ಸೆಲ್, ಆರ್, ಪೈಥಾನ್. ಎಕ್ಸೆಲ್ ಹಿಡಿದವರು ಎರಡನೇ ಹಂತವನ್ನು ಎರಡು ಸಲ ಓದಿ.

## ಹಂತ 1: ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದಿಡಿ

"ಓದು ಹೆಚ್ಚಾಯಿತೇ" ಎಂಬುದು ಲೆಕ್ಕಕ್ಕೆ ಸಿಗುವ ಪ್ರಶ್ನೆಯಲ್ಲ. ಹೈಸ್ಕೂಲ್ ಮುಗಿಸದವರ ಪಾಲು ಎಷ್ಟು ಇಳಿಯಿತು ಎಂಬುದು ಒಂದು ಪ್ರಶ್ನೆ, ಪದವೀಧರರ ಪಾಲು ಎಷ್ಟು ಏರಿತು ಎಂಬುದು ಬೇರೆಯೇ ಪ್ರಶ್ನೆ. ಇವೆರಡರ ಉತ್ತರ ಎದುರುಬದುರು ದಿಕ್ಕಿಗೆ ಹೋಗಬಹುದು. ದೇಶಮಟ್ಟದಲ್ಲಿ ಹೈಸ್ಕೂಲ್ ಮುಗಿಸದವರು 1970ರಲ್ಲಿ ಶೇ. 47.7 ಇದ್ದರು, 2019–23ರ ಐದು ವರ್ಷದ ಸರ್ವೆ ಅಂದಾಜಿನಲ್ಲಿ ಶೇ. 10.6. ಹೆಚ್ಚು ಹಿಂದಿದ್ದ ಕೌಂಟಿಗಳಿಗೆ ಇಳಿಯಲು ಜಾಗ ಹೆಚ್ಚಿತ್ತು, ಹಾಗಾಗಿ ಈ ಅಳತೆಯಲ್ಲಿ ಕೌಂಟಿಗಳು ಒಂದಕ್ಕೊಂದು ಹತ್ತಿರ ಬಂದಂತೆ ಕಾಣುತ್ತವೆ. ಪದವಿಯ ಅಳತೆ ಹಿಡಿದರೆ ಅಂತರ ಹೆಚ್ಚುತ್ತದೆ. ನಗರ ಪ್ರದೇಶದ ಪದವೀಧರರ ಪಾಲು 2000ದಿಂದ 2015ರೊಳಗೆ ಶೇ. 26ರಿಂದ 33ಕ್ಕೆ ಹೋದರೆ, ಗ್ರಾಮೀಣ ಪ್ರದೇಶದಲ್ಲಿ ಶೇ. 15ರಿಂದ 19ಕ್ಕೆ ಮಾತ್ರ ಹೋಯಿತು.

ಆದ್ದರಿಂದ ಯಾವ ಗುಂಪು, ಯಾವ ವರ್ಷದಿಂದ ಯಾವ ವರ್ಷಕ್ಕೆ, ಯಾವ ರಾಜ್ಯಗಳು ಎಂಬುದನ್ನು ಕಾಗದದ ಮೇಲೆ ಬರೆದುಕೊಂಡೇ ಫೈಲ್ ತೆರೆಯಿರಿ.

## ಹಂತ 2: ಫೈಲ್ ತೆರೆಯುವಾಗಲೇ ಕೋಡ್ ಉಳಿಸಿಕೊಳ್ಳಿ

ಪ್ರತಿ ಕೌಂಟಿಗೂ ಐದಂಕಿಯ ಫಿಪ್ಸ್ ಕೋಡ್ ಇರುತ್ತದೆ. ಮೊದಲೆರಡು ಅಂಕಿ ರಾಜ್ಯದ್ದು, ಉಳಿದ ಮೂರು ಕೌಂಟಿಯದ್ದು. ಅಲಬಾಮದ ಆಟೋಗಾ ಕೌಂಟಿ 01001, ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ 06085. ಸಿಎಸ್‌ವಿ ಫೈಲನ್ನು ಎರಡು ಸಲ ಕ್ಲಿಕ್ ಮಾಡಿ ತೆರೆದರೆ ಎಕ್ಸೆಲ್ ಇದನ್ನು ಬರೀ ಸಂಖ್ಯೆ ಎಂದುಕೊಂಡು ಮುಂದಿನ ಸೊನ್ನೆಯನ್ನು ನುಂಗಿಬಿಡುತ್ತದೆ. 06085 ಹೋಗಿ 6085 ಆಗುತ್ತದೆ, ಇನ್ನೊಂದು ಫೈಲಿನ 06085 ಜೊತೆ ಕೂಡುವುದಿಲ್ಲ.

ಹೀಗೆ ಆಗಿದೆ ಎಂದು ತಿಳಿಯುವ ಗುರುತು ಸುಲಭ. ಅಲಬಾಮ, ಅಲಾಸ್ಕ, ಅರಿಜೋನ, ಅರ್ಕನ್ಸಾ, ಕ್ಯಾಲಿಫೋರ್ನಿಯಾ, ಕೊಲರಾಡೊ, ಕನೆಕ್ಟಿಕಟ್ ಈ ಏಳು ರಾಜ್ಯಗಳ ಕೋಡ್ ಮಾತ್ರ ಸೊನ್ನೆಯಿಂದ ಶುರುವಾಗುತ್ತದೆ. ನಕ್ಷೆಯಲ್ಲಿ ಸರಿಯಾಗಿ ಈ ಏಳೇ ಖಾಲಿ ಇದ್ದರೆ ಬೇರೇನನ್ನೂ ಹುಡುಕಬೇಡಿ. ಫೈಲನ್ನು ನೇರವಾಗಿ ತೆರೆಯದೆ ಡೇಟಾ ಮೆನುವಿನಿಂದ ಆಮದು ಮಾಡಿಕೊಂಡು, ಕೋಡ್ ಕಾಲಂ ಅನ್ನು ಟೆಕ್ಸ್ಟ್ ಎಂದು ಗುರುತಿಸಿ. ಆಗಲೇ ಹಾಳಾಗಿದ್ದರೆ ನಾಲ್ಕಂಕಿಯವಕ್ಕೆ ಮುಂದೆ ಒಂದು ಸೊನ್ನೆ ಸೇರಿಸಿ ಐದಂಕಿ ಮಾಡಿ.

ಎನ್‌ಎಚ್‌ಜಿಐಎಸ್ ಫೈಲಿನ ಕೋಡ್ ಬೇರೆ ರೀತಿಯದು. ಮೊದಲಿಗೆ ಜಿ ಅಕ್ಷರ, ಆಮೇಲೆ ರಾಜ್ಯದ ಎರಡಂಕಿ, ಒಂದು ಸೊನ್ನೆ, ಕೌಂಟಿಯ ಮೂರಂಕಿ, ಮತ್ತೊಂದು ಸೊನ್ನೆ. ಆಟೋಗಾ ಅಲ್ಲಿ ಜಿ0100010 ಆಗುತ್ತದೆ. ಜಿ ಅಕ್ಷರ, ನಡುವಿನ ಸೊನ್ನೆ ಮತ್ತು ಕೊನೆಯ ಸೊನ್ನೆ ತೆಗೆದರೆ ಫಿಪ್ಸ್ ಕೈಗೆ ಬರುತ್ತದೆ.

ಹೆಸರು ಹಿಡಿದು ಫೈಲ್ ಜೋಡಿಸಲು ಹೋಗಲೇಬೇಡಿ. ವಾಷಿಂಗ್ಟನ್ ಹೆಸರಿನ ಕೌಂಟಿ ಸುಮಾರು ಮೂವತ್ತು ರಾಜ್ಯಗಳಲ್ಲಿದೆ. ಮೇರಿಲ್ಯಾಂಡಿನಲ್ಲಿ ಬಾಲ್ಟಿಮೋರ್ ಕೌಂಟಿ 24005, ಬಾಲ್ಟಿಮೋರ್ ನಗರ 24510. ಎರಡೂ ಬೇರೆ ಬೇರೆ. ಮಿಸೌರಿಯ ಸೇಂಟ್ ಲೂಯಿಸ್ ಕೌಂಟಿ 29189, ನಗರ 29510. ಡೊನ್ಯಾ ಆನಾ ಕೌಂಟಿಯ ಹೆಸರಿನಲ್ಲಿರುವ ಸ್ಪ್ಯಾನಿಷ್ ಅಕ್ಷರ ಒಂದು ಫೈಲಿನಲ್ಲಿ ಒಂದು ಥರ, ಇನ್ನೊಂದರಲ್ಲಿ ಗೀಚಿದ ಹಾಗೆ ಬಂದಿರುತ್ತದೆ.

ಇಆರ್‌ಎಸ್ ಫೈಲಿನಲ್ಲಿ ಕೌಂಟಿ ಸಾಲುಗಳ ನಡುವೆಯೇ ರಾಜ್ಯದ ಸಾಲು, ಇಡೀ ದೇಶದ ಸಾಲು ಸೇರಿಕೊಂಡಿವೆ. ಕೋಡಿನ ಕೊನೆಯ ಮೂರಂಕಿ 000 ಇದ್ದರೆ ಅದು ಕೌಂಟಿಯಲ್ಲ, ತೆಗೆದು ಬೇರೆ ಹಾಳೆಗೆ ಹಾಕಿ. ವಾಷಿಂಗ್ಟನ್ ಡಿಸಿ ಮಾತ್ರ 11000 ಎಂದು ಒಮ್ಮೆ, 11001 ಎಂದು ಇನ್ನೊಮ್ಮೆ ಬರುತ್ತದೆ; ಎರಡನೆಯದನ್ನು ಉಳಿಸಿಕೊಳ್ಳಿ. ಪೋರ್ಟೊ ರಿಕೊದ 78 ಪುರಸಭಾ ಪ್ರದೇಶಗಳನ್ನು ಎಲ್ಲ ವರ್ಷಕ್ಕೂ ಇಟ್ಟುಕೊಳ್ಳಿ, ಇಲ್ಲವೇ ಎಲ್ಲ ವರ್ಷಕ್ಕೂ ಬಿಡಿ.

ಈಗ ಎಣಿಸಿ. ಟೆಕ್ಸಸ್ 254, ಜಾರ್ಜಿಯಾ 159, ಅಲಬಾಮ 67, ಡೆಲವೇರ್ 3, ಹವಾಯಿ 5. ವರ್ಜೀನಿಯಾದಲ್ಲಿ 95 ಕೌಂಟಿ ಮತ್ತು 38 ಸ್ವತಂತ್ರ ನಗರ ಸೇರಿ 133. 2020ರ ಗಣತಿಯ ಪ್ರಕಾರ ಡಿಸಿ ಸೇರಿಸಿ ಒಟ್ಟು 3,143. ಲೂಸಿಯಾನಾದ ಪ್ಯಾರಿಷ್‌ಗಳು, ಅಲಾಸ್ಕದ ಬರೋಗಳು ಈ ಲೆಕ್ಕದೊಳಗೇ ಬರುತ್ತವೆ. ಸಂಖ್ಯೆ ಹೊಂದದಿದ್ದರೆ ಮುಂದೆ ಹೋಗಬೇಡಿ.

## ಹಂತ 3: ಗಡಿಗಳನ್ನು ಒಂದೇ ಅಳತೆಗೆ ತನ್ನಿ

ಕೋಲಾರದಿಂದ 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾದ ಮೇಲೆ ಹಳೆಯ ಕೋಲಾರದ ಅಂಕಿಯನ್ನು ಹೊಸ ಕೋಲಾರಕ್ಕೆ ಹೋಲಿಸಿದರೆ ಏನಾಗುತ್ತದೋ, ಇಲ್ಲೂ ಅದೇ ಆಗುತ್ತದೆ. ಅಮೆರಿಕದಲ್ಲಿ ಕೌಂಟಿ ಗಡಿ ಬದಲಾಗುವುದು ಅಪರೂಪ. ಅಪರೂಪವಾದ್ದರಿಂದಲೇ ಜನ ಮರೆಯುತ್ತಾರೆ.

ನಿಯಮ ಒಂದೇ: ಒಡೆದದ್ದನ್ನು ಕೂಡಿಸಿ, ಕೂಡಿದ್ದನ್ನು ಒಡೆಯಲು ಹೋಗಬೇಡಿ. 1983ರಲ್ಲಿ ಅರಿಜೋನದ ಯೂಮಾ ಕೌಂಟಿಯಿಂದ ಲಾ ಪಾಜ್ ಬೇರೆಯಾಯಿತು. 1970 ಮತ್ತು 1980ರ ಯೂಮಾ ಅಂಕಿಯಲ್ಲಿ ಲಾ ಪಾಜ್ ಸೇರಿದೆ. ಹಾಗಾಗಿ 1990ರಿಂದ ಈಚೆಗೆ ಲಾ ಪಾಜ್ 04012 ಅನ್ನು ಯೂಮಾ 04027ಕ್ಕೆ ಸೇರಿಸಬೇಕು. ನ್ಯೂ ಮೆಕ್ಸಿಕೊದ ಸಿಬೋಲಾ 35006, 1981ರಲ್ಲಿ ವಲೆನ್ಸಿಯಾ 35061ರಿಂದ ಬಂದದ್ದು, ಅದಕ್ಕೂ ಇದೇ ಚಿಕಿತ್ಸೆ. ಲಾ ಪಾಜ್‌ನ 1970ರ ಕೋಶ ಖಾಲಿ ಇರುತ್ತದೆ. ಖಾಲಿ ಎಂದರೆ ಸೊನ್ನೆಯಲ್ಲ. ಖಾಲಿಯನ್ನು ಸೊನ್ನೆ ಎಂದು ಓದುವಂತೆ ತಂತ್ರಾಂಶ ಹೊಂದಿಸಿದ್ದರೆ ಅಲ್ಲೊಂದು ಸುಳ್ಳು ಏರಿಕೆ ಹುಟ್ಟುತ್ತದೆ.

ಕೂಡಿಸುವಾಗ ತಲೆಯೆಣಿಕೆಯನ್ನೇ ಕೂಡಿಸಬೇಕು. ಯೂಮಾದ ಶೇಕಡಾ, ಲಾ ಪಾಜ್‌ನ ಶೇಕಡಾ ಕೂಡಿಸಿ ಎರಡರಿಂದ ಭಾಗಿಸುವುದು ಅತಿ ಸಾಮಾನ್ಯ ತಪ್ಪು. ಎರಡು ಕೌಂಟಿಗಳ ಪದವೀಧರರನ್ನು ಕೂಡಿಸಿ, ಎರಡರ 25 ದಾಟಿದ ಜನರನ್ನು ಕೂಡಿಸಿ, ಆಮೇಲೆ ಭಾಗಿಸಿ. ಅದಕ್ಕಾಗಿಯೇ ಗಡಿಯ ಕೆಲಸ ಮುಗಿಯುವ ತನಕ ಶೇಕಡಾ ಕಾಲಂಗಳನ್ನು ಮುಟ್ಟಬಾರದು. ಅಳಿಸಿಬಿಟ್ಟರೆ ಇನ್ನೂ ಒಳ್ಳೆಯದು.

ಹೆಸರೋ ಕೋಡೋ ಮಾತ್ರ ಬದಲಾದವು ಸುಲಭ. ಫ್ಲಾರಿಡದ ಡೇಡ್ ಕೌಂಟಿ 12025 ಇದ್ದದ್ದು 1997ರಲ್ಲಿ ಮಯಾಮಿ-ಡೇಡ್ 12086 ಆಯಿತು. ಸೌತ್ ಡಕೋಟದ ಶ್ಯಾನನ್ 46113, 2015ರಲ್ಲಿ ಒಗ್ಲಾಲಾ ಲಕೋಟಾ 46102 ಆಯಿತು. ಅದೇ ವರ್ಷ ಅಲಾಸ್ಕದ ವೇಡ್ ಹ್ಯಾಂಪ್ಟನ್ 02270 ಹೋಗಿ ಕುಸಿಲ್ವಾಕ್ 02158 ಬಂತು. ಹಳೆಯ ಕೋಡನ್ನು ಹೊಸದಕ್ಕೆ ಬದಲಿಸಿದರೆ ಮುಗಿಯಿತು.

ವರ್ಜೀನಿಯಾಕ್ಕೆ ಒಂದು ಗಂಟೆ ಎತ್ತಿಡಿ. ಅಲ್ಲಿ ಸ್ವತಂತ್ರ ನಗರಗಳು ಕೌಂಟಿಗೆ ಸೇರುವುದಿಲ್ಲ. ಆಗಾಗ ಹುಟ್ಟುತ್ತವೆ, ಆಗಾಗ ಮತ್ತೆ ಕೌಂಟಿಯೊಳಗೆ ಕರಗುತ್ತವೆ. ಸೌತ್ ಬಾಸ್ಟನ್ 51780, 1995ರಲ್ಲಿ ಹ್ಯಾಲಿಫ್ಯಾಕ್ಸ್ 51083ಕ್ಕೆ ಸೇರಿತು. ಕ್ಲಿಫ್ಟನ್ ಫೋರ್ಜ್ 51560, 2001ರಲ್ಲಿ ಅಲಗೇನಿ 51005ಕ್ಕೆ. ಬೆಡ್‌ಫರ್ಡ್ ನಗರ 51515, 2013ರಲ್ಲಿ ಬೆಡ್‌ಫರ್ಡ್ ಕೌಂಟಿ 51019ಕ್ಕೆ. ಇವನ್ನು ಎಲ್ಲ ವರ್ಷಕ್ಕೂ ಕೌಂಟಿಯೊಳಗೆ ಸೇರಿಸಿ. ಇದರ ತಿರುಗುಮುರುಗು ಎಂದರೆ 1975ರಲ್ಲಿ ನಗರವಾದ ಮನಾಸಸ್ 51683 ಮತ್ತು ಮನಾಸಸ್ ಪಾರ್ಕ್ 51685. ಇವೆರಡನ್ನೂ ಪ್ರಿನ್ಸ್ ವಿಲಿಯಂ 51153ರ ಜೊತೆ ಒಂದೇ ಘಟಕವಾಗಿ ಇಟ್ಟುಕೊಳ್ಳಿ. ಪೊಕೋಸನ್ 51735 ಯಾರ್ಕ್ 51199ಕ್ಕೆ. ನಗರಗಳು ಪಕ್ಕದ ಕೌಂಟಿಯ ನೆಲ ಸೇರಿಸಿಕೊಂಡದ್ದೂ ಉಂಟು. ಹಾಗಾಗಿ ಪ್ರತಿ ನಗರವನ್ನು ಅದರ ಸುತ್ತಲಿನ ಕೌಂಟಿಗೆ ಕೂಡಿಸಿಬಿಡುವುದೇ ಸುರಕ್ಷಿತ.

ಕೊಲರಾಡೊದ ಬ್ರೂಮ್‌ಫೀಲ್ಡ್ 08014 ತುಸು ಕಿರಿಕಿರಿಯದು. 2001ರ ನವೆಂಬರಿನಲ್ಲಿ ಆಡಮ್ಸ್, ಬೌಲ್ಡರ್, ಜೆಫರ್‌ಸನ್, ವೆಲ್ಡ್ ಈ ನಾಲ್ಕರಿಂದಲೂ ಚೂರು ಚೂರು ಕಿತ್ತು ಮಾಡಿದ ಕೌಂಟಿ ಅದು. ಐದನ್ನೂ ಕೂಡಿಸಿದರೆ ಲೆಕ್ಕ ಶುದ್ಧ, ಆದರೆ ಡೆನ್ವರ್ ಸುತ್ತಲಿನ ಅರ್ಧ ಚಿತ್ರವೇ ಒಂದು ಮುದ್ದೆಯಾಗುತ್ತದೆ. ಹೆಚ್ಚಿನ ಜನ ಬೌಲ್ಡರ್ ಭಾಗದಲ್ಲಿದ್ದುದರಿಂದ ಬೌಲ್ಡರ್ 08013ಕ್ಕೆ ಮಾತ್ರ ಸೇರಿಸುವುದು ವಾಡಿಕೆ. ಹಾಗೆ ಮಾಡಿದ್ದನ್ನು ಬರೆದು ತಿಳಿಸಿ.

ಅಲಾಸ್ಕದಲ್ಲಿ 1970ರ ವಿಭಾಗಗಳಿಗೂ ಇಂದಿನವಕ್ಕೂ ತಾಳೆಯೇ ಇಲ್ಲ. ವಲ್ಡೀಜ್-ಕೊರ್ಡೋವಾ ಕೂಡ 2019ರಲ್ಲಿ ಚುಗಾಚ್, ಕಾಪರ್ ರಿವರ್ ಎಂದು ಎರಡಾಯಿತು. 1970ರಿಂದ ಹೋಲಿಸುವವರು ಇಡೀ ಅಲಾಸ್ಕವನ್ನು ಒಂದೇ ಸಾಲಾಗಿ ಇಟ್ಟುಕೊಳ್ಳಬೇಕು. ಕೌಂಟಿಮಟ್ಟದಲ್ಲಿ ತೋರಿಸುವ ಹಟ ಬೇಡ.

### ಕನೆಕ್ಟಿಕಟ್ ಬೇರೆಯೇ ಕಥೆ

ಇತ್ತೀಚಿನ ಅಂಕಿ ಬಳಸುವವರೆಲ್ಲ ಸಿಕ್ಕಿಕೊಳ್ಳುವುದು ಇಲ್ಲಿ. 2022ರಿಂದ ಜನಗಣತಿ ಬ್ಯೂರೋ ಆ ರಾಜ್ಯದ ಎಂಟು ಹಳೆಯ ಕೌಂಟಿಗಳನ್ನು ಬಿಟ್ಟು ಒಂಬತ್ತು ಪ್ಲಾನಿಂಗ್ ರೀಜನ್‌ಗಳನ್ನು ಕೌಂಟಿ ಸಮಾನ ಎಂದು ಹಿಡಿದಿದೆ. ಹಳೆಯ ಕೋಡ್ 09001ರಿಂದ 09015, ಹೊಸದು 09110ರಿಂದ 09190. 2018–22ರ ಸರ್ವೆಯಿಂದ ಮುಂದಕ್ಕೆ ಹೊಸ ಕೋಡೇ ಬರುತ್ತದೆ. ಫೈಲ್ ಜೋಡಿಸಿದಾಗ ಎಂಟು ಸಾಲುಗಳಿಗೆ ಇತ್ತೀಚಿನ ಅಂಕಿ ಇರುವುದಿಲ್ಲ, ಒಂಬತ್ತು ಸಾಲುಗಳಿಗೆ ಹಳೆಯ ಅಂಕಿ ಇರುವುದಿಲ್ಲ. ಹೊಸ ಗಡಿಗಳು ಹಳೆಯದರ ಒಳಗೂ ಕೂರುವುದಿಲ್ಲ, ಆದ್ದರಿಂದ ಕೌಂಟಿಗೆ ಕೌಂಟಿ ಕೂಡಿಸಿ ಸರಿಪಡಿಸಲಾಗದು.

ದಾರಿ ಎರಡು. ಒಂದು, 2017–21ರ ಸರ್ವೆಗೇ ನಿಲ್ಲಿಸುವುದು. ಇನ್ನೊಂದು, ಟೌನ್ ಮಟ್ಟಕ್ಕೆ ಇಳಿಯುವುದು. ಕನೆಕ್ಟಿಕಟ್‌ನ 169 ಟೌನ್‌ಗಳು ಹಳೆಯ ಕೌಂಟಿಯೊಳಗೂ ಪೂರ್ತಿ ಕೂರುತ್ತವೆ, ಹೊಸ ರೀಜನ್ನಿನೊಳಗೂ ಪೂರ್ತಿ ಕೂರುತ್ತವೆ. ಬಿ15003 ಅನ್ನು ಕೌಂಟಿ ಸಬ್‌ಡಿವಿಷನ್ ಮಟ್ಟದಲ್ಲಿ ಇಳಿಸಿಕೊಂಡು, ಟೌನ್ ಕೋಡಿನ ಕೊನೆಯ ಐದಂಕಿ ಹಿಡಿದು ಹಳೆಯ ಕೌಂಟಿಗೆ ಹಂಚಿ, ಕೂಡಿಸಿ. ಟೌನ್ ಕೋಡಿನ ನಡುವೆ ಕೂತಿರುವ ಕೌಂಟಿ ಅಂಕಿ ಬದಲಾಗಿದೆ, ಕೊನೆಯ ಐದು ಬದಲಾಗಿಲ್ಲ. ಅರ್ಧ ದಿನದ ಕೆಲಸ, ಆದರೆ ಅನುಮಾನಕ್ಕೆ ಎಡೆಯಿಲ್ಲ.

## ಹಂತ 4: 1990ರಲ್ಲಿ ಪ್ರಶ್ನೆಯೇ ಬದಲಾಯಿತು ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ

1980ರ ತನಕ ಗಣತಿಯವರು ಕೇಳುತ್ತಿದ್ದದ್ದು ಎಷ್ಟನೇ ತರಗತಿವರೆಗೆ ಹೋದಿರಿ, ಅದನ್ನು ಮುಗಿಸಿದಿರಾ ಎಂದು. 1990ರಿಂದ ಕೇಳುತ್ತಿರುವುದು ಪಡೆದ ಅತಿ ಹೆಚ್ಚಿನ ಪದವಿ ಅಥವಾ ಮುಗಿಸಿದ ಮಟ್ಟ ಯಾವುದು ಎಂದು. ಒಂದು ವರ್ಷಗಳ ಲೆಕ್ಕ, ಇನ್ನೊಂದು ಪ್ರಮಾಣಪತ್ರದ ಲೆಕ್ಕ.

ಇದರಿಂದ ಎರಡು ಕಡೆ ಬಿರುಕು ಬೀಳುತ್ತದೆ. 12ನೇ ತರಗತಿ ಮುಗಿಸಿಯೂ ಡಿಪ್ಲೊಮಾ ಸಿಗದವರು 1980ರಲ್ಲಿ ಹೈಸ್ಕೂಲ್ ಮುಗಿಸಿದವರ ಗುಂಪಿನಲ್ಲಿದ್ದರು. 1990ರಲ್ಲಿ ಅವರಿಗೆ ಪ್ರತ್ಯೇಕ ಸಾಲು ಬಂತು, ಅದು ಹೈಸ್ಕೂಲ್ ಮುಗಿಸದವರ ಕಡೆಗೆ ಹೋಯಿತು. ಮೇಲ್ತುದಿಯಲ್ಲಿ, ನಾಲ್ಕು ವರ್ಷ ಕಾಲೇಜಿಗೆ ಹೋಗಿಯೂ ಪದವಿ ಸಿಗದವರು ಹಿಂದೆ ಪದವೀಧರರ ಸಾಲಿನಲ್ಲಿ ಕೂತಿದ್ದರು; 1990ರಲ್ಲಿ ಕೆಳಗಿಳಿದರು.

ದೇಶದ ಅಂಕಿ ನೋಡಿ: ಪದವಿ ಮಟ್ಟದವರು 1970ರಲ್ಲಿ ಶೇ. 10.7, 1980ರಲ್ಲಿ 16.2, 1990ರಲ್ಲಿ 20.3, 2000ದಲ್ಲಿ 24.4. ಎಪ್ಪತ್ತರ ದಶಕದ ಏರಿಕೆ 5.5, ಎಂಬತ್ತರದು 4.1. ಎಂಬತ್ತರ ದಶಕದಲ್ಲಿ ವೇಗ ತಗ್ಗಿತು ಎಂದು ಬರೆಯುವ ಮುನ್ನ ಆ 4.1ರೊಳಗೆ ಪ್ರಶ್ನೆ ಬದಲಾದದ್ದೂ ಸೇರಿದೆ ಎಂಬುದನ್ನು ನೆನೆಯಿರಿ. ಇದನ್ನು ಕೌಂಟಿಮಟ್ಟದಲ್ಲಿ ತಿದ್ದುವ ಸೂತ್ರವಿಲ್ಲ. ಮಾಡಬೇಕಾದದ್ದು ಇಷ್ಟೇ: 1970–80 ಒಂದು ತುಂಡು, 1990ರಿಂದ ಈಚೆಗೆ ಇನ್ನೊಂದು ತುಂಡು, ಗೆರೆಚಿತ್ರದಲ್ಲಿ ಇವೆರಡರ ನಡುವೆ ಚುಕ್ಕಿಗೆರೆ ಹಾಕಿ. 1980 ಮತ್ತು 1990ರ ನಡುವಿನ ಒಂದೆರಡು ಪಾಯಿಂಟ್ ವ್ಯತ್ಯಾಸದ ಮೇಲೆ ಯಾವ ವಾದವನ್ನೂ ಕಟ್ಟಬೇಡಿ. ಐವತ್ತು ವರ್ಷದ ಒಟ್ಟು ಬದಲಾವಣೆಗೆ ಇದರಿಂದ ದೊಡ್ಡ ತೊಂದರೆಯಿಲ್ಲ.

## ಹಂತ 5: ಬಿ15003ರ ಸಾಲುಗಳನ್ನು ನಾಲ್ಕು ಗುಂಪಿಗೆ ತನ್ನಿ

ಇಆರ್‌ಎಸ್‌ನ ಸಿದ್ಧ ಗುಂಪುಗಳು ಸಾಕಾದರೆ ಈ ಹಂತ ದಾಟಿ. ಕನೆಕ್ಟಿಕಟ್ ಟೌನ್‌ಗಳಿಗೋ ನಿಮಗೆ ಬೇಕಾದ ಬೇರೆ ಐದು ವರ್ಷಗಳಿಗೋ ಆದರೆ ನೀವೇ ಕೂಡಿಸಬೇಕು.

ಸಾಲು 001 ಒಟ್ಟು. 002ರಿಂದ 016 ಹೈಸ್ಕೂಲ್ ಮುಗಿಸದವರು. 016 ಎಂದರೆ 12ನೇ ತರಗತಿಗೆ ಹೋಗಿಯೂ ಡಿಪ್ಲೊಮಾ ಇಲ್ಲದವರು, ಅವರನ್ನು ಮೇಲಿನ ಗುಂಪಿಗೆ ತಳ್ಳುವ ತಪ್ಪು ಪದೇ ಪದೇ ಆಗುತ್ತದೆ. 017 ಮಾಮೂಲಿ ಡಿಪ್ಲೊಮಾ, 018 ಜಿಇಡಿಯಂಥ ಪರ್ಯಾಯ ಪರೀಕ್ಷೆ ಪಾಸಾದವರು. ಎರಡೂ ಸೇರಿ ಹೈಸ್ಕೂಲ್ ಗುಂಪು. 019, 020, 021 ಕಾಲೇಜು ಸ್ವಲ್ಪ ಓದಿದವರು ಮತ್ತು ಎರಡು ವರ್ಷದ ಅಸೋಸಿಯೇಟ್ ಪದವಿಯವರು. 022ರಿಂದ 025 ಬ್ಯಾಚುಲರ್, ಮಾಸ್ಟರ್, ವೃತ್ತಿಪರ ಪದವಿ, ಡಾಕ್ಟರೇಟ್. ನಾಲ್ಕೂ ಗುಂಪು ಕೂಡಿದರೆ 001 ಬರಲೇಬೇಕು, ಒಬ್ಬರೂ ಹೆಚ್ಚುಕಡಿಮೆ ಇಲ್ಲದೆ.

ಎಸ್1501 ಬಳಸುವವರು ಸಾಲಿನ ಸಂಖ್ಯೆ ನೆಚ್ಚಬೇಡಿ. ಅಲ್ಲಿ ಸಾಲುಗಳ ಜೋಡಣೆ ವರ್ಷದಿಂದ ವರ್ಷಕ್ಕೆ ಬದಲಾಗಿದೆ; ಪ್ರತಿ ವರ್ಷದ ಶೀರ್ಷಿಕೆ ಓದಿಯೇ ತೆಗೆಯಿರಿ. ಎಪಿಐ (ಪ್ರೋಗ್ರಾಂ ಬರೆದು ನೇರವಾಗಿ ಅಂಕಿ ತರಿಸಿಕೊಳ್ಳುವ ದಾರಿ) ಮೂಲಕ ಇಳಿಸಿದ ಫೈಲಿನಲ್ಲಿ −666666666 ಅಥವಾ −555555555ರಂಥ ಸಂಖ್ಯೆ ಕಂಡರೆ ಅದು ಅಂಕಿಯಲ್ಲ, ಲೆಕ್ಕ ಸಾಧ್ಯವಾಗಿಲ್ಲ ಅಥವಾ ಅನ್ವಯಿಸುವುದಿಲ್ಲ ಎಂಬ ಸಂಕೇತ. ಸರಾಸರಿ ಮೈನಸ್ಸಿಗೆ ಹೋದರೆ ಮೊದಲು ಇದನ್ನೇ ಹುಡುಕಿ.

## ಹಂತ 6: ಕಾಲದ ಲೆಕ್ಕ ಸರಿಮಾಡಿ

2000ದ ತನಕ ಈ ಮಾಹಿತಿ ಗಣತಿಯ ಉದ್ದನೆಯ ಫಾರಂನಿಂದ ಬರುತ್ತಿತ್ತು. 2000ದಲ್ಲಿ ಅದು ಆರು ಮನೆಗೆ ಒಂದರಂತೆ ಹೋಗಿತ್ತು. 2010ರಲ್ಲಿ ಆ ಫಾರಂ ಇರಲಿಲ್ಲ. ಅದರ ಜಾಗಕ್ಕೆ ಬಂದ ಕಮ್ಯುನಿಟಿ ಸರ್ವೆ ಎಲ್ಲ ಕೌಂಟಿಗೂ ಐದು ವರ್ಷದ ಒಟ್ಟು ಅಂದಾಜನ್ನು ಮಾತ್ರ ಕೊಡುತ್ತದೆ. ಒಂದು ವರ್ಷದ ಅಂದಾಜು 65,000 ಜನಸಂಖ್ಯೆ ದಾಟಿದ ಕಡೆಗೆ ಮಾತ್ರ.

2019–23 ಎಂಬುದನ್ನು 2023 ಎಂದು ಬರೆಯಬೇಡಿ. ಅದರ ನಡುಬಿಂದು 2021. ದೇಶದ ಪದವೀಧರರು 2000ದಲ್ಲಿ ಶೇ. 24.4, 2019–23ರಲ್ಲಿ 35.0, ಏರಿಕೆ 10.6 ಪಾಯಿಂಟ್. 21 ವರ್ಷಕ್ಕೆ ಹಂಚಿದರೆ ದಶಕಕ್ಕೆ 5.0, 23 ವರ್ಷಕ್ಕೆ ಹಂಚಿದರೆ 4.6. ಎರಡನೆಯದು ತಪ್ಪು.

ಒಂದರ ಮೇಲೊಂದು ಬೀಳುವ ಅವಧಿಗಳನ್ನು ಹೋಲಿಸಬಾರದು. 2018–22 ಮತ್ತು 2019–23 ಎರಡರಲ್ಲೂ ನಾಲ್ಕು ವರ್ಷ ಒಂದೇ. ಅಲ್ಲಿ ಕಾಣುವ ವ್ಯತ್ಯಾಸ ಬಿಟ್ಟುಹೋದ ಒಂದು ವರ್ಷಕ್ಕೂ ಸೇರಿದ ಒಂದು ವರ್ಷಕ್ಕೂ ಇರುವುದೇ ಹೊರತು ಇನ್ನೇನಲ್ಲ. 2009–13, 2014–18, 2019–23 ಹೀಗೆ ಹಿಡಿಯಿರಿ.

## ಹಂತ 7: ಈಗ ಕಳೆಯಿರಿ

ಗುಂಪಿನ ಎಣಿಕೆಯನ್ನು ಒಟ್ಟು ಎಣಿಕೆಯಿಂದ ಭಾಗಿಸಿ ಶೇಕಡಾ ಮಾಡಿ, ಹೊಸದರಿಂದ ಹಳೆಯದನ್ನು ಕಳೆಯಿರಿ. ಬಂದದ್ದು ಪಾಯಿಂಟ್, ಶೇಕಡಾ ಅಲ್ಲ. 10.7ರಿಂದ 35.0ಕ್ಕೆ ಏರಿದ್ದು 24.3 ಪಾಯಿಂಟ್, ಅದನ್ನೇ ಶೇಕಡಾ ಏರಿಕೆ ಎಂದು ಹೇಳಿದರೆ 227 ಆಗುತ್ತದೆ. ಎರಡೂ ಸರಿಯೇ, ಆದರೆ ಒಂದು ಲೇಖನದೊಳಗೆ ಎರಡನ್ನೂ ಬೆರೆಸಿದರೆ ಓದುವವರಿಗೆ ತಲೆಬುಡ ತಿಳಿಯದು. ಜೊತೆಗೆ ಶೇಕಡಾ ಏರಿಕೆಯ ಪಟ್ಟಿಯಲ್ಲಿ ಯಾವಾಗಲೂ ತೀರಾ ಕೆಳಗಿನಿಂದ ಹೊರಟ ಕೌಂಟಿಯೇ ಮೇಲೆ ಬರುತ್ತದೆ: ಶೇ. 3ರಿಂದ 12ಕ್ಕೆ ಹೋದದ್ದು ಮುನ್ನೂರು ಪರ್ಸೆಂಟ್ ಏರಿಕೆ! ಪಾಯಿಂಟನ್ನೇ ಬಳಸಿ.

## ಹಂತ 8: ವ್ಯತ್ಯಾಸ ನಿಜವೇ ಎಂದು ಪರೀಕ್ಷಿಸಿ

ಟೆಕ್ಸಸ್‌ನ ಲವಿಂಗ್ ಕೌಂಟಿಯಲ್ಲಿ 2020ರ ಗಣತಿಗೆ ಸಿಕ್ಕವರು 64 ಜನ, ಹವಾಯಿಯ ಕಲವಾವೊದಲ್ಲಿ 82. ಇಂಥ ಕಡೆ ನಾಲ್ಕು ಮನೆ ಸರ್ವೆಗೆ ಸಿಕ್ಕರೆ ಒಂದು ಉತ್ತರ, ಬೇರೆ ನಾಲ್ಕು ಸಿಕ್ಕರೆ ಇನ್ನೊಂದು. ಸರ್ವೆಯವರು ಪ್ರತಿ ಅಂದಾಜಿನ ಪಕ್ಕದಲ್ಲೂ ಮಾರ್ಜಿನ್ ಆಫ್ ಎರರ್, ಅಂದರೆ ಎಷ್ಟು ಹೆಚ್ಚುಕಮ್ಮಿ ಇರಬಹುದು ಎಂಬ ಅಂಕಿ ಕೊಡುವುದು ಇದಕ್ಕೇ. ಅದು 90 ಶೇಕಡಾ ಭರವಸೆಯ ಮಟ್ಟದ್ದು, 1.645ರಿಂದ ಭಾಗಿಸಿದರೆ ಸ್ಟ್ಯಾಂಡರ್ಡ್ ಎರರ್, ಅಂದರೆ ಮಾದರಿಯಿಂದ ಮಾದರಿಗೆ ಅಂದಾಜು ಎಷ್ಟು ಅಲುಗಾಡಬಹುದು ಎಂಬ ಅಳತೆ, ಬರುತ್ತದೆ.

ಒಂದು ಕಲ್ಪಿತ ಕೌಂಟಿ ತೆಗೆದುಕೊಳ್ಳೋಣ. 25 ದಾಟಿದವರು 4,200, ಮಾರ್ಜಿನ್ 120. ಬ್ಯಾಚುಲರ್ 480 ± 80, ಮಾಸ್ಟರ್ 150 ± 50, ವೃತ್ತಿಪರ 30 ± 22, ಡಾಕ್ಟರೇಟ್ 10 ± 12.

ಮೊದಲು ಕೂಡಿಸಿ: 670. ಮಾರ್ಜಿನ್‌ಗಳನ್ನು ನೇರವಾಗಿ ಕೂಡಿಸಬಾರದು. ಪ್ರತಿಯೊಂದರ ವರ್ಗ ಮಾಡಿ ಕೂಡಿಸಿದರೆ 9,528. ಅದರ ವರ್ಗಮೂಲ 97.6. ಹಲವು ಸಾಲಿನಲ್ಲಿ ಅಂದಾಜು ಸೊನ್ನೆ ಇದ್ದರೆ ಆ ಸೊನ್ನೆ ಸಾಲುಗಳ ಪೈಕಿ ಅತಿ ದೊಡ್ಡ ಮಾರ್ಜಿನ್ ಒಂದನ್ನು ಮಾತ್ರ ಸೇರಿಸಿ.

ಆಮೇಲೆ ಶೇಕಡಾ: 670 ÷ 4,200 = 16.0. ಇದರ ಮಾರ್ಜಿನ್‌ಗೆ, 9,528ರಿಂದ ಪಾಲಿನ ವರ್ಗ ಮತ್ತು ಒಟ್ಟಿನ ಮಾರ್ಜಿನ್‌ನ ವರ್ಗ ಇವುಗಳ ಗುಣಲಬ್ಧವನ್ನು ಕಳೆಯಿರಿ. 0.1595ರ ವರ್ಗ × 120ರ ವರ್ಗ = 366. ಉಳಿದದ್ದು 9,162, ವರ್ಗಮೂಲ 95.7, ಅದನ್ನು 4,200ರಿಂದ ಭಾಗಿಸಿದರೆ 2.3 ಪಾಯಿಂಟ್. ಕಳೆದಾಗ ಮೈನಸ್ ಬಂದರೆ ಅಲ್ಲಿ ಕಳೆಯುವ ಬದಲು ಕೂಡಿಸಬೇಕು.

ಇದನ್ನು 2000ದ ಅಂಕಿಗೆ ಹೋಲಿಸಬೇಕು. ಆಗ 4,000 ವಯಸ್ಕರು, ಪದವೀಧರರು ಶೇ. 13.1 ಎನ್ನಿ. ಗಣತಿಯ ಫೈಲಿನಲ್ಲಿ ಮಾರ್ಜಿನ್ ಮುದ್ರಿಸಿಲ್ಲ, ಹಾಗಂತ ಮಾರ್ಜಿನ್ ಇಲ್ಲ ಎಂದಲ್ಲ. ಅದೂ ಆರಕ್ಕೊಂದರ ಮಾದರಿಯೇ. ಸೂತ್ರ: 5ನ್ನು ವಯಸ್ಕರ ಸಂಖ್ಯೆಯಿಂದ ಭಾಗಿಸಿ, ಶೇಕಡಾದಿಂದಲೂ ನೂರರಿಂದ ಆ ಶೇಕಡಾ ಕಳೆದು ಉಳಿದದ್ದರಿಂದಲೂ ಗುಣಿಸಿ, ವರ್ಗಮೂಲ ತೆಗೆಯಿರಿ. 5 ÷ 4,000 × 13.1 × 86.9 = 1.42, ವರ್ಗಮೂಲ 1.19. ಇದನ್ನು ಆ ರಾಜ್ಯದ ಡಿಸೈನ್ ಫ್ಯಾಕ್ಟರಿನಿಂದ, ಅಂದರೆ ಮಾದರಿ ಆರಿಸಿದ ಕ್ರಮಕ್ಕೆ ತಕ್ಕ ತಿದ್ದುಪಡಿ ಗುಣಕದಿಂದ, ಗುಣಿಸಬೇಕು, ಅದು ಗಣತಿಯ ಕೈಪಿಡಿಯಲ್ಲಿರುತ್ತದೆ. 1.2 ಎಂದು ಹಿಡಿದರೆ 1.43.

ಸರ್ವೆಯ ಸ್ಟ್ಯಾಂಡರ್ಡ್ ಎರರ್ 2.28 ÷ 1.645 = 1.39. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 1.99. ವ್ಯತ್ಯಾಸ 2.9 ಪಾಯಿಂಟ್, 1.99ರಿಂದ ಭಾಗಿಸಿದರೆ 1.46. ಇದು 90 ಶೇಕಡಾ ಭರವಸೆಗೆ ಬೇಕಾದ 1.645ನ್ನು ದಾಟಲಿಲ್ಲ. ಎರಡು ದಶಕದಲ್ಲಿ ಸುಮಾರು 3 ಪಾಯಿಂಟ್ ಏರಿದಂತೆ ಕಂಡ ಈ ಕೌಂಟಿಯಲ್ಲಿ ಏರಿಕೆಯಾಗಿದೆ ಎಂದು ಖಚಿತವಾಗಿ ಹೇಳುವಂತಿಲ್ಲ. ಸಣ್ಣ ಕೌಂಟಿಗಳ ಬಗ್ಗೆ ಬರೆಯುವ ಶೀರ್ಷಿಕೆಗಳಲ್ಲಿ ಎಷ್ಟೋ ಈ ಪರೀಕ್ಷೆಯಲ್ಲಿ ಬಿದ್ದುಹೋಗುತ್ತವೆ. ನಿಮ್ಮ ಕೌಂಟಿ ಬಿದ್ದರೆ ಅಕ್ಕಪಕ್ಕದ ಎರಡು ಮೂರನ್ನು ಸೇರಿಸಿ ಒಂದು ಗುಂಪು ಮಾಡಿ ಮತ್ತೆ ನೋಡಿ.

## ಹಂತ 9: ಕಾರಣ ಹೇಳುವ ಮುನ್ನ ಯಾರು ಬಂದರು, ಯಾರು ಹೋದರು ನೋಡಿ

ಪದವೀಧರರ ಪಾಲು ಏರಿತು, ಆದ್ದರಿಂದ ಅಲ್ಲಿನ ಶಾಲೆಗಳು ಸುಧಾರಿಸಿದವು ಎಂದು ಬರೆಯುವವರಿದ್ದಾರೆ. ಅಂಕಿ ಹಾಗೆ ಹೇಳುವುದಿಲ್ಲ. 25 ದಾಟಿದವರ ಪಾಲು ಮೂರು ದಾರಿಯಲ್ಲಿ ಬದಲಾಗುತ್ತದೆ: ಕಡಿಮೆ ಓದಿದ ಹಿರಿಯ ತಲೆಮಾರು ತೀರಿಕೊಂಡಾಗ, ಓದಿದ ಕಿರಿಯರು 25 ದಾಟಿದಾಗ, ಜನ ವಲಸೆ ಬಂದಾಗ ಅಥವಾ ಹೋದಾಗ. 1970ರ ಲೆಕ್ಕದಲ್ಲಿದ್ದ 65 ದಾಟಿದವರು 1905ರ ಆಸುಪಾಸಿನಲ್ಲೋ ಅದಕ್ಕೂ ಮುಂಚೆಯೋ ಹುಟ್ಟಿದವರು. ಇಂದು ಅವರಲ್ಲಿ ಯಾರೂ ಇಲ್ಲ. ಯಾರೂ ಹೊಸದಾಗಿ ಓದದಿದ್ದರೂ ಶೇಕಡಾ ಏರುತ್ತಿತ್ತು.

ಬೇರ್ಪಡಿಸಲು ವಯಸ್ಸಿನ ಕೋಷ್ಟಕ ಹಿಡಿಯಿರಿ. 2000ದ ಗಣತಿಯಲ್ಲಿ 25–34 ವಯಸ್ಸಿನವರು 2008–12ರ ಸರ್ವೆಯಲ್ಲಿ 35–44ರ ಗುಂಪಿನಲ್ಲಿರುತ್ತಾರೆ, ಏಕೆಂದರೆ ಅದರ ನಡುಬಿಂದು 2010. ಅದೇ ತಲೆಮಾರಿನಲ್ಲಿ ಪದವೀಧರರ ಪಾಲು ಹತ್ತು ವರ್ಷದಲ್ಲಿ ಜಿಗಿದಿದ್ದರೆ, ಮೂವತ್ತು ದಾಟಿದ ಮೇಲೆ ಅಷ್ಟು ಜನ ಹೊಸದಾಗಿ ಪದವಿ ಪಡೆಯುವುದು ಕಡಿಮೆ. ಹೊರಗಿನಿಂದ ಬಂದಿದ್ದಾರೆ ಎಂದೇ ಮೊದಲ ಊಹೆ. ಬಿ06009ರಲ್ಲಿ ಅದೇ ರಾಜ್ಯದಲ್ಲಿ ಹುಟ್ಟಿದವರು, ಬೇರೆ ರಾಜ್ಯದವರು, ಬೇರೆ ದೇಶದವರು ಎಂದು ಬೇರೆ ಬೇರೆ ಇರುವುದರಿಂದ ಆ ಊಹೆಯನ್ನು ಪರೀಕ್ಷಿಸಬಹುದು. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ ಸಾಂತಾ ಕ್ಲಾರಾದಲ್ಲಿ ಕೆಲಸಕ್ಕಿರುವವರ ಪದವಿ ಕರ್ನಾಟಕದ ಕಾಲೇಜಿನದು, ಲೆಕ್ಕ ಸೇರುವುದು ಸಾಂತಾ ಕ್ಲಾರಾಕ್ಕೆ. ಆ ಕೌಂಟಿಯಲ್ಲಿ ಇಂದು ವಯಸ್ಕರ ಅರ್ಧಕ್ಕಿಂತ ಹೆಚ್ಚು ಜನ ಪದವೀಧರರು. ಹಳ್ಳಿಗಾಡಿನ ಕೌಂಟಿಯಲ್ಲಿ ಇದೇ ತಲೆಕೆಳಗು: ಶಾಲೆ ಚೆನ್ನಾಗಿ ಕಲಿಸಿದಷ್ಟೂ ಮಕ್ಕಳು ಊರು ಬಿಡುತ್ತಾರೆ, ಅಂಕಿ ಅಲ್ಲೇ ನಿಲ್ಲುತ್ತದೆ.

ಜೈಲನ್ನು ಮರೆಯಬೇಡಿ. ಕೈದಿಗಳೂ ಈ ಎಣಿಕೆಯೊಳಗೇ ಬರುತ್ತಾರೆ. ಸಣ್ಣ ಕೌಂಟಿಯಲ್ಲಿ ದೊಡ್ಡ ಜೈಲೊಂದು ತೆರೆದರೆ ಹೈಸ್ಕೂಲ್ ಮುಗಿಸದವರ ಪಾಲು ಏಕಾಏಕಿ ಏರಬಹುದು, ಊರಿನವರ ಓದಿಗೂ ಅದಕ್ಕೂ ಸಂಬಂಧವಿರುವುದಿಲ್ಲ. ಒಂದೇ ದಶಕದಲ್ಲಿ ಗಂಡಸರ ಸಂಖ್ಯೆ ಮಾತ್ರ ಉಬ್ಬಿದ್ದರೆ ಅದೇ ಗುರುತು.

## ಹಂತ 10: ಗುಂಪು ಮಾಡಿ, ಆಮೇಲೆ ನಕ್ಷೆ

ನಗರ–ಗ್ರಾಮೀಣ ಎಂದು ವಿಂಗಡಿಸಲು ಇಆರ್‌ಎಸ್‌ನ ಒಂದರಿಂದ ಒಂಬತ್ತರವರೆಗಿನ ಸಂಕೇತವಿದೆ; ಅದು 1974ರಲ್ಲಿ ಹುಟ್ಟಿ 1983, 1993, 2003, 2013, 2023ರಲ್ಲಿ ಪರಿಷ್ಕಾರಗೊಂಡಿದೆ. ಪ್ರತಿ ವರ್ಷಕ್ಕೂ ಆಯಾ ಕಾಲದ ಸಂಕೇತ ಹಾಕಿದರೆ, ಚೆನ್ನಾಗಿ ಬೆಳೆದ ಗ್ರಾಮೀಣ ಕೌಂಟಿಗಳು ನಗರದ ಗುಂಪಿಗೆ ದಾಟಿಕೊಳ್ಳುತ್ತವೆ. ಹಿಂದುಳಿದವು ಮಾತ್ರ ಗ್ರಾಮೀಣ ಎಂದು ಉಳಿಯುತ್ತವೆ, ಗ್ರಾಮೀಣ ಪ್ರದೇಶ ಇರುವುದಕ್ಕಿಂತ ಹೆಚ್ಚು ಸೋತಂತೆ ಕಾಣುತ್ತದೆ. ಒಂದೇ ಪರಿಷ್ಕಾರವನ್ನು ಎಲ್ಲ ವರ್ಷಕ್ಕೂ ಹಚ್ಚಿ. ಗುಂಪಿನ ಸರಾಸರಿಯನ್ನೂ ಎಣಿಕೆ ಕೂಡಿಸಿಯೇ ತೆಗೆಯಿರಿ. ಕೌಂಟಿಗಳ ಶೇಕಡಾ ಸರಾಸರಿ ತೆಗೆದರೆ ಲವಿಂಗ್‌ಗೂ ಲಾಸ್ ಏಂಜಲೀಸ್‌ಗೂ ಒಂದೇ ತೂಕ ಸಿಗುತ್ತದೆ.

ನಕ್ಷೆಯಲ್ಲಿ ಪ್ರತಿ ವರ್ಷಕ್ಕೂ ಒಂದೇ ಮಟ್ಟಗಳನ್ನು ಇಡಿ: 10ರೊಳಗೆ, 10–20, 20–30, 30–40, 40 ಮೇಲೆ. ತಂತ್ರಾಂಶ ತಾನೇ ಐದು ಸಮಭಾಗ ಮಾಡಲು ಬಿಟ್ಟರೆ 1970ರ ಕಡುಬಣ್ಣಕ್ಕೂ ಇಂದಿನ ಕಡುಬಣ್ಣಕ್ಕೂ ಅರ್ಥ ಬೇರೆಯಾಗುತ್ತದೆ. ಬದಲಾವಣೆಯ ನಕ್ಷೆಗೆ ನಡುಬಣ್ಣ ಸೊನ್ನೆಯಲ್ಲಿ ಬೇಡ. ಹೆಚ್ಚುಕಡಿಮೆ ಎಲ್ಲ ಕೌಂಟಿಗಳೂ ಏರಿರುವುದರಿಂದ ನಕ್ಷೆ ಪೂರ್ತಿ ಒಂದೇ ಬಣ್ಣವಾಗುತ್ತದೆ. 1970ರಿಂದಾದರೆ ದೇಶದ 24.3 ಪಾಯಿಂಟನ್ನು ನಡುವೆ ಇಟ್ಟು, ಅದಕ್ಕಿಂತ ಮೇಲಿನವು ಒಂದು ಬಣ್ಣ, ಕೆಳಗಿನವು ಇನ್ನೊಂದು. ಎಂಟನೇ ಹಂತದಲ್ಲಿ ಬಿದ್ದ ಕೌಂಟಿಗಳಿಗೆ ಬೂದುಬಣ್ಣ ಹಚ್ಚಿ.

ಮುಗಿಸುವ ಮುನ್ನ ನಿಮ್ಮ ಕೌಂಟಿಗಳ ಎಣಿಕೆಯನ್ನು ರಾಜ್ಯವಾರು ಕೂಡಿಸಿ, ಎರಡನೇ ಹಂತದಲ್ಲಿ ಬೇರೆ ಹಾಳೆಗೆ ಹಾಕಿದ ರಾಜ್ಯದ ಸಾಲುಗಳ ಪಕ್ಕ ಇಟ್ಟು ನೋಡಿ. ವರ್ಜೀನಿಯಾ, ಕೊಲರಾಡೊ, ಕನೆಕ್ಟಿಕಟ್ ಮೂರೂ ಎಲ್ಲ ವರ್ಷಕ್ಕೂ ತಾಳೆಯಾದರೆ ಗಡಿಯ ಕೆಲಸ ಸರಿಯಾಗಿದೆ. ಒಂದು ವರ್ಷಕ್ಕೆ ಮಾತ್ರ ತಾಳೆ ತಪ್ಪಿದರೆ ಆ ವರ್ಷದ ಫೈಲಿನಲ್ಲಿ ಯಾವುದೋ ಸಾಲು ಎರಡು ಸಲ ಸೇರಿದೆ, ಇಲ್ಲವೇ ಕೈಬಿಟ್ಟಿದೆ; ಮೂರನೇ ಹಂತಕ್ಕೆ ವಾಪಸ್ಸು ಹೋಗಿ.